ಬೀದರ್ ಹಳೇ ಊರು: ಒಂದೇ ರಸ್ತೆಯಲ್ಲಿ ಎರಡು ಸಲ ನಡೆಯಿರಿ

ಪ್ರಶ್ನೆ: ನಾವು ಶಿವಮೊಗ್ಗದವರು. ನಾನು, ನನ್ನ ಹೆಂಡತಿ, ಅಮ್ಮ ಮತ್ತು ಹೈಸ್ಕೂಲಿನಲ್ಲಿರುವ ಇಬ್ಬರು ಮಕ್ಕಳು ಮೊದಲ ಸಲ ಬೀದರ್‌ಗೆ ಬರುತ್ತಿದ್ದೇವೆ. ಶನಿವಾರ ಬೆಳಿಗ್ಗೆ ಬಂದಿಳಿದು ಭಾನುವಾರ ಮಧ್ಯಾಹ್ನ ಹೊರಡಬೇಕು. ಯಾರನ್ನು ಕೇಳಿದರೂ ಹತ್ತು ಜಾಗದ ಪಟ್ಟಿ ಕೊಟ್ಟು, ಒಂದು ಗಾಡಿ ಮಾಡಿಕೊಂಡು ಸುತ್ತಿಬಿಡಿ ಅಂತಾರೆ. ನಮಗೆ ಊರೊಳಗೇ ಸ್ವಲ್ಪ ಓಡಾಡುವ ಆಸೆ. ಹಳೇ ಊರಿನಲ್ಲಿ ಏನು ನೋಡಬೇಕು, ಏನು ಬಿಡಬಹುದು? ಅಮ್ಮನಿಗೆ ಮಂಡಿ ನೋವು ಬೇರೆ ಇದೆ. ಬಿದ್ರಿ ಸಾಮಾನು ಕೊಳ್ಳುವಾಗ ಅಸಲಿ ಯಾವುದು ಅಂತ ತಿಳಿಯುವುದು ಹೇಗೆ?

ಉತ್ತರ: ಊರೊಳಗೆ ಓಡಾಡುವ ಆಸೆ ಅಂದಿರಲ್ಲ, ಅದನ್ನು ಮಾತ್ರ ಬಿಡಬೇಡಿ. ಗಾಡಿ ಮಾಡಿಕೊಂಡು ಒಂದೇ ದಿನ ಹತ್ತು ಜಾಗ ಸುತ್ತಿದವರಿಗೆ ಮನೆ ಸೇರುವಷ್ಟರಲ್ಲಿ ಎಲ್ಲ ಗುಮ್ಮಟಗಳೂ ಕಲಸಿಹೋಗಿರುತ್ತವೆ. ಯಾವುದು ಯಾರದು, ಯಾವುದು ಎಲ್ಲಿತ್ತು, ಒಂದೂ ನೆನಪಿರುವುದಿಲ್ಲ. ಹಳೇ ಊರಿನ ನಟ್ಟನಡುವೆ ಚೌಬಾರಾ ಎನ್ನುವ ದುಂಡು ಗೋಪುರ ಇದೆ. ಅಲ್ಲಿಂದ ಉತ್ತರಕ್ಕೆ ಕೋಟೆ ಬಾಗಿಲವರೆಗೆ ಒಂದು ರಸ್ತೆ ಹೋಗುತ್ತದೆ. ಹೆಚ್ಚುಕಮ್ಮಿ ಒಂದು ಕಿಲೋಮೀಟರ್, ಅಷ್ಟೇ. ನನ್ನ ಸಲಹೆ ಇಷ್ಟು: ಆ ಒಂದೇ ರಸ್ತೆಯಲ್ಲಿ ಶನಿವಾರ ಎರಡು ಸಲ ನಡೆಯಿರಿ. ಬೆಳಿಗ್ಗೆ ಕಟ್ಟಡಗಳಿಗಾಗಿ, ಸಂಜೆ ಜನರಿಗಾಗಿ. ಉಳಿದದ್ದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಆಗದಿದ್ದರೂ ಚಿಂತೆಯಿಲ್ಲ.

ಬರುವ ಮೊದಲು ಇಷ್ಟು ತಿಳಿದಿರಲಿ. ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ. ಆಗ ರಾಜಧಾನಿ ಕಲಬುರಗಿ. 15ನೇ ಶತಮಾನದ ಮೊದಲ ಭಾಗದಲ್ಲಿ ಅಹ್ಮದ್ ಶಾ ಅದನ್ನು ಬೀದರ್‌ಗೆ ತಂದ. ಎತ್ತರದ ಜಾಗ, ತಂಪು ಗಾಳಿ, ಬೇಕಾದಷ್ಟು ನೀರು. ಬಹಮನಿಗಳ ನಂತರ ಬರೀದ್ ಶಾಹಿಗಳು, 1619ರಲ್ಲಿ ಬಿಜಾಪುರದವರು, 1657ರಲ್ಲಿ ಔರಂಗಜೇಬ್, ಆಮೇಲೆ ಹೈದರಾಬಾದಿನ ನಿಜಾಮರು. 1956ರಲ್ಲಿ ನಮ್ಮ ರಾಜ್ಯಕ್ಕೆ ಸೇರಿತು. ಇಷ್ಟು ಮಂದಿ ಆಳಿದ್ದರ ಗುರುತು ನೀವು ನಡೆಯುವ ರಸ್ತೆಯಲ್ಲೇ ಸಿಗುತ್ತದೆ.

ಬೆಳಿಗ್ಗೆ ಮೊದಲು ಹೋಗಬೇಕಾದ್ದು ಮಹಮೂದ್ ಗಾವಾನ್ ಮದರಸಾಕ್ಕೆ. ಎಲ್ಲರೂ ಕೋಟೆಯಿಂದ ಶುರು ಮಾಡುತ್ತಾರೆ. ನೀವು ಹಾಗೆ ಮಾಡಬೇಡಿ. ಮದರಸಾದ ಮುಖ ಪೂರ್ವಕ್ಕಿದೆ. ಬೆಳಗಿನ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಮಧ್ಯಾಹ್ನದ ಮೇಲೆ ಹೋದರೆ ಮುಂಭಾಗವೆಲ್ಲ ನೆರಳು, ಹೆಂಚಿನ ಬಣ್ಣ ಕಣ್ಣಿಗೆ ಹತ್ತುವುದೇ ಇಲ್ಲ. ಆಟೋದಲ್ಲಿ ಬಂದಿಳಿದರೆ ಅಮ್ಮನವರಿಗೂ ಸುಲಭ.

ಒಳಗೆ ಹೋದ ತಕ್ಷಣ ಫೋಟೊಗೆ ಓಡಬೇಡಿ. ಉಳಿದಿರುವ ಒಂದೇ ಮಿನಾರಿನ ಬುಡಕ್ಕೆ ಹೋಗಿ ನಿಲ್ಲಿ. ಕೈಗೆ ಎಟಕುವ ಎತ್ತರದಲ್ಲಿ ಬರೀ ಬೆತ್ತಲೆ ಗೋಡೆ. ಅಲ್ಲಿಂದ ನಿಧಾನವಾಗಿ ಕಣ್ಣು ಮೇಲಕ್ಕೆ ಹೋಗಲಿ. ಮೆರುಗು ಹೆಂಚಿನ ಚೂರುಗಳು ಅಂಕುಡೊಂಕು ಗೆರೆಯಾಗಿ ಮಿನಾರನ್ನು ಸುತ್ತಿಕೊಂಡು ಏರುವುದು ಕಾಣುತ್ತದೆ. ನೀಲಿ, ಹಸಿರು, ಹಳದಿ, ಬಿಳಿ. ಕೆಲವು ಕಡೆ ಹೆಂಚು ಉದುರಿ ಗಾರೆ ಮಾತ್ರ ಉಳಿದಿದೆ. ಗೋಡೆಯ ಮೇಲಂಚಿನಲ್ಲಿ ಕುರಾನಿನ ಸಾಲುಗಳನ್ನು ಬರೆದ ಹೆಂಚಿನ ಪಟ್ಟಿಯ ಒಂದಿಷ್ಟು ಭಾಗ ಇನ್ನೂ ಇದೆ. ಇಡೀ ಮುಂಭಾಗ ಹೀಗೆ ಬಣ್ಣದಲ್ಲಿ ಹೊಳೆಯುತ್ತಿದ್ದ ಕಾಲವನ್ನು ಮಕ್ಕಳಿಗೆ ಊಹಿಸಲು ಹೇಳಿ.

ಇದನ್ನು ಕಟ್ಟಿಸಿದವನು ದೊರೆಯಲ್ಲ. ಇರಾನಿನ ಗಿಲಾನ್ ಕಡೆಯಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗಾವಾನ್. 1472ರಲ್ಲಿ ಕೆಲಸ ಮುಗಿಯಿತು. ಮೂರು ಅಂತಸ್ತು. ಪಾಠದ ದೊಡ್ಡ ಕೋಣೆಗಳು, ಹುಡುಗರಿಗೂ ಗುರುಗಳಿಗೂ ಇರಲು ಕೋಣೆಗಳು, ಮಸೀದಿ, 3000 ಪುಸ್ತಕಗಳಿದ್ದವು ಎನ್ನುವ ಗ್ರಂಥಾಲಯ. ಒಂಬತ್ತೇ ವರ್ಷದಲ್ಲಿ, 1481ರಲ್ಲಿ, ಇದೇ ಊರಿನ ಸುಲ್ತಾನ ಅವನನ್ನು ಕೊಲ್ಲಿಸಿದ. ಗಾವಾನನಿಗೆ ಆಗ ಎಪ್ಪತ್ತು ದಾಟಿತ್ತು. ಆಗದವರು ಅವನ ಮೊಹರು ಒತ್ತಿಸಿದ ಖಾಲಿ ಕಾಗದದ ಮೇಲೆ ಒಡಿಶಾದ ರಾಜನಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದ್ದರು. ಅವನು ಹೋದ ಮೇಲೆ ರಾಜ್ಯವೂ ಹೆಚ್ಚು ದಿನ ಒಟ್ಟಾಗಿ ಉಳಿಯಲಿಲ್ಲ, ಐದು ಹೋಳಾಯಿತು. ಈ ಕಥೆಯನ್ನು ಆ ಅಂಗಳದಲ್ಲೇ ಕೂತು ಮಕ್ಕಳಿಗೆ ಹೇಳಿ. ಪಾಠದ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ಮನುಷ್ಯ ಅವರಿಗೆ ಇಲ್ಲಿ ನಿಜವಾಗಿ ಸಿಗುತ್ತಾನೆ.

ಮುಂಭಾಗದ ಅರ್ಧ ಮತ್ತು ಇನ್ನೊಂದು ಮಿನಾರು ಏನಾದವು ಅಂತ ಅವರು ಕೇಳಿಯೇ ಕೇಳುತ್ತಾರೆ. ಮೊಗಲರ ಕಾಲದಲ್ಲಿ ಇಲ್ಲಿ ಸೈನ್ಯ ಇತ್ತು, ಮದ್ದುಗುಂಡು ತುಂಬಿಟ್ಟಿದ್ದರು. 1696ರಲ್ಲಿ ಅದು ಸಿಡಿಯಿತು. ಬಿದ್ದ ಭಾಗದ ಕಡೆ ಹೋಗಿ ನೋಡಿ. ಸೀಳಿದ ಗೋಡೆಯಲ್ಲಿ ಕಮಾನು ಹೇಗೆ ಕಟ್ಟಿದ್ದಾರೆ, ಒಂದು ಅಂತಸ್ತು ಇನ್ನೊಂದರ ಮೇಲೆ ಹೇಗೆ ಕೂತಿದೆ, ಎಲ್ಲ ತೆರೆದುಕೊಂಡಿದೆ. ಕಟ್ಟಡವೊಂದರ ಒಳಗುಟ್ಟು ಇಷ್ಟು ಚೆನ್ನಾಗಿ ಕಾಣುವ ಜಾಗ ಇನ್ನೊಂದು ನನಗೆ ಗೊತ್ತಿಲ್ಲ. ಆಮೇಲೆ ಹಿಂದಕ್ಕೆ ಒಂದು ಸುತ್ತು ಹಾಕಿ. ಉಳಿದ ಮೂರು ಬದಿಗಳ ನಡುವೆ ಗೋಡೆ ಹೊರಕ್ಕೆ ಚಾಚಿಕೊಂಡು ಮೇಲೆ ಗುಮ್ಮಟ ಹೊತ್ತಿದೆ. ಬಹಳ ಜನ ಆ ಕಡೆ ಹೋಗುವುದೇ ಇಲ್ಲ. ಅಮ್ಮನವರು ಅಷ್ಟು ಹೊತ್ತು ಅಂಗಳದಲ್ಲಿ ಕೂತಿರಲಿ. ಒಟ್ಟು ಒಂದು ಗಂಟೆ ಇಲ್ಲಿಗೇ ಇಡಿ. ದಿನಕ್ಕೆ ಒಂದೇ ಕಟ್ಟಡ ನೋಡಿ ಅಂತ ಯಾರಾದರೂ ನನ್ನನ್ನು ಕಟ್ಟಿಹಾಕಿದರೆ ನಾನು ಆರಿಸುವುದು ಇದನ್ನೇ, ಕೋಟೆಯನ್ನಲ್ಲ.

ಮದರಸಾದಿಂದ ಕೋಟೆಯ ಕಡೆ ಹೊರಟರೆ ದಾರಿಯಲ್ಲಿ ತಖ್ತ್-ಎ-ಕಿರ್ಮಾನಿ ಎನ್ನುವ ಎತ್ತರದ ಕಮಾನು ಬಾಗಿಲು ಸಿಗುತ್ತದೆ. ಗಾರೆಯಲ್ಲಿ ಮಾಡಿದ ಹೂವಿನ ಚಕ್ರಗಳು ಚೆನ್ನಾಗಿವೆ. ಐದು ನಿಮಿಷ ನಿಂತು ಮುಂದೆ ಹೋಗಿ.

ಕೋಟೆಯಲ್ಲಿ ಎಲ್ಲವನ್ನೂ ನೋಡಲು ಹೋಗಬೇಡಿ. ಅದು ದೊಡ್ಡದು, ಬಿಸಿಲು ಏರಿದ ಮೇಲೆ ನೆರಳು ಕಡಿಮೆ. ಹೊರಬಾಗಿಲಿನ ಹತ್ತಿರ ಮಾತ್ರ ಅವಸರ ಮಾಡಬೇಡಿ. ಬಾಗಿಲ ಬಳಿಯ ಕಂದಕವನ್ನು ಬಗ್ಗಿ ನೋಡಿ. ಅದು ಮೂರು ಸಾಲಿನ ಕಂದಕ. ಬಂಡೆಯನ್ನು ಕಡಿಯುತ್ತಾ ಹೋಗಿ, ನಡುವೆ ಎರಡು ಗೋಡೆಗಳನ್ನು ಅದೇ ಬಂಡೆಯಲ್ಲಿ ಹಾಗೇ ಉಳಿಸಿದ್ದಾರೆ. ಆ ಕೆಂಪು ಕಲ್ಲನ್ನು ಕೈಯಲ್ಲಿ ಮುಟ್ಟಿ. ಮೈತುಂಬ ದೋಸೆಯ ಹಾಗೆ ತೂತು. ಇದು ಜಂಬಿಟ್ಟಿಗೆ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ.

ಇಡೀ ಬೀದರ್ ಊರು ಈ ಜಂಬಿಟ್ಟಿಗೆಯ ಹಾಸಿನ ಮೇಲೆ ಕೂತಿದೆ. ಅದರ ಕೆಳಗಿರುವುದು ಕಪ್ಪುಬಂಡೆ. ಮಳೆ ನೀರು ತೂತುಗಲ್ಲಿನಲ್ಲಿ ಇಳಿದು, ಕೆಳಗಿನ ಗಟ್ಟಿ ಬಂಡೆಗೆ ತಾಗಿ, ಪಕ್ಕಕ್ಕೆ ಹರಿದು ಊರಿನ ಅಂಚಿನಲ್ಲಿ ಹೊರಗೆ ಬರುತ್ತದೆ. ನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ, ಈ ಎಲ್ಲ ಕಡೆ ನೀರು ಸಿಗುವುದಕ್ಕೆ ಕಾರಣ ಇದೇ. ನೌಬಾದ್ ಹತ್ತಿರದ ಸುರಂಗ ಬಾವಿಯೂ ಅಷ್ಟೇ. ನೆಲದಡಿ ಕಾಲುವೆ ಕೊರೆದು ಈ ನೀರನ್ನು ಹಿಡಿದು ತರುವ ವಿದ್ಯೆ ಇರಾನಿನಿಂದ ಬಂದದ್ದು. ಅಹ್ಮದ್ ಶಾ ರಾಜಧಾನಿಯನ್ನು ಯಾಕೆ ಇಲ್ಲಿಗೆ ತಂದ ಅನ್ನುವುದು ಈ ಕಲ್ಲು ನೋಡಿದ ಮೇಲೆ ಅರ್ಥವಾಗುತ್ತದೆ, ಅಲ್ವಾ?

ಒಳಗೆ ಹೋಗುವಾಗ ಶರ್ಜಾ ದರ್ವಾಜಾದ ಮೇಲೆ ಕೆತ್ತಿದ ಎರಡು ಸಿಂಹಗಳನ್ನು ಮಕ್ಕಳೇ ಹುಡುಕಲಿ. ಗುಂಬದ್ ದರ್ವಾಜಾ ದಾಟಿದರೆ ಪಕ್ಕದಲ್ಲೇ ರಂಗೀನ್ ಮಹಲ್. ಇದಕ್ಕೆ ಹೆಚ್ಚಿನ ಸಲ ಬೀಗ ಹಾಕಿರುತ್ತಾರೆ. ಬೀಗ ನೋಡಿ ವಾಪಸ್ ಬರಬೇಡಿ. ಅಲ್ಲಿನ ಪುರಾತತ್ವ ಇಲಾಖೆ ಸಿಬ್ಬಂದಿಯನ್ನು ವಿನಯದಿಂದ ಕೇಳಿ. ಒಳಗೆ ಕೆತ್ತನೆಯ ಮರದ ಕಂಬಗಳಿವೆ. ಅವಕ್ಕಿಂತ ಒಳಗೆ, ಬಾಗಿಲಿನ ಸುತ್ತ, ಕರಿಕಲ್ಲಿನಲ್ಲಿ ಕೊರೆದು ಮುತ್ತಿನ ಚಿಪ್ಪಿನ ತೆಳು ಚೂರುಗಳನ್ನು ಕೂರಿಸಿದ್ದಾರೆ. 1542ರಿಂದ 1580ರವರೆಗೆ ಆಳಿದ ಅಲಿ ಬರೀದ್ ಶಾ ಕಾಲದ ಕೆಲಸ. ಕಪ್ಪಿನ ಮೇಲೆ ಬೆಳ್ಳಗೆ ಮಿನುಗುವ ಆ ಬಳ್ಳಿಗಳನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮಧ್ಯಾಹ್ನ ಬಿದ್ರಿ ಅಂಗಡಿಯಲ್ಲಿ ಕಪ್ಪು ಲೋಹದ ಮೇಲೆ ಅದೇ ತರಹದ ಬೆಳ್ಳಿ ಬಳ್ಳಿ ನೋಡುತ್ತೀರಿ.

ಅಲ್ಲಿಂದ ಸೋಲಾ ಖಂಬಾ ಮಸೀದಿ. 1423–24ರದ್ದು, ಬೀದರಿನ ಬಹಳ ಹಳೆಯ ಮಸೀದಿಗಳಲ್ಲಿ ಒಂದು. ಒಳಗೆ ದಪ್ಪ ದುಂಡು ಕಂಬಗಳ ಸಾಲು ಸಾಲು. ತಣ್ಣಗಿರುತ್ತದೆ, ಸುಮ್ನೆ ಸ್ವಲ್ಪ ಹೊತ್ತು ಕೂರಿ. ಹಳೇ ಹಮಾಮಿನಲ್ಲಿ, ಅಂದರೆ ಸ್ನಾನದ ಮನೆಯಲ್ಲಿ, ಮಾಡಿರುವ ಸಣ್ಣ ಮ್ಯೂಸಿಯಂ ಹತ್ತಿರದಲ್ಲೇ ಇದೆ. ಅಮ್ಮನವರಿಗೆ ಇಷ್ಟು ಸಾಕು. ಮಕ್ಕಳಿಗೆ ಉಮೇದು ಇದ್ದರೆ ಒಬ್ಬರು ಅವರನ್ನು ತಖ್ತ್ ಮಹಲ್‌ವರೆಗೆ ಕರೆದುಕೊಂಡು ಹೋಗಿ. ಕಮಾನಿನ ಮೂಲೆಯಲ್ಲಿ ಸಿಂಹ ಮತ್ತು ಸೂರ್ಯನ ಹೆಂಚಿನ ಚಿತ್ರ ಉಳಿದಿದೆ. ದೂರದ ಬುರುಜು, ತೋಪುಗಳನ್ನು ಈ ಸಲಕ್ಕೆ ಬಿಡಿ.

ಹನ್ನೊಂದೂವರೆ ಹನ್ನೆರಡಕ್ಕೆ ಕೋಟೆಯಿಂದ ಹೊರಗೆ ಬನ್ನಿ. ಊಟಕ್ಕೆ ಖಾನಾವಳಿ ಹುಡುಕಿ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ, ಶೇಂಗಾ ಹಿಂಡಿ, ಮೊಸರು. ಪುಂಡಿ ಸೊಪ್ಪಿನ ಹುಳಿ ಮಲೆನಾಡಿನವರಿಗೆ ಮೊದಲ ತುತ್ತಿಗೆ ಹೊಸದು ಅನ್ನಿಸಬಹುದು, ಎರಡನೆಯ ರೊಟ್ಟಿಗೆ ಒಗ್ಗುತ್ತದೆ. ಮಾಂಸ ತಿನ್ನುವವರಾದರೆ ಹಳೇ ಊರಿನಲ್ಲಿ ಬಿರಿಯಾನಿಗೆ ಬರವಿಲ್ಲ. ಊಟವಾದ ಮೇಲೆ ರೂಮಿಗೆ ಹೋಗಿ ಮಲಗಿ. ನಾಲ್ಕರವರೆಗೆ ಬಿಸಿಲಿನಲ್ಲಿ ಅಲೆಯುವುದರಿಂದ ಸುಸ್ತು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಈಗ ಬಿದ್ರಿ. ಶನಿವಾರ ನಾಲ್ಕರ ಹೊತ್ತಿಗೆ ಚೌಬಾರಾ ಸುತ್ತಲಿನ ಬಿದ್ರಿ ಅಂಗಡಿಗಳ ಕಡೆ ಬನ್ನಿ. ಹಿಂದೆಯೋ ಪಕ್ಕದಲ್ಲೋ ಕಾರ್ಖಾನೆ ಇರುವ ಅಂಗಡಿಯನ್ನೇ ಆರಿಸಿ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಒಂದು ಕೋಣೆ, ನೆಲದ ಮೇಲೆ ಕೂತ ನಾಲ್ಕಾರು ಜನ. ಕೊಳ್ಳುವ ಮಾತು ಆಮೇಲೆ. ಮೊದಲು ಕೆಲಸ ನೋಡಬಹುದೇ ಅಂತ ಕೇಳಿ. ಹೆಚ್ಚಿನವರು ಖುಷಿಯಿಂದ ತೋರಿಸುತ್ತಾರೆ. ಹಿರಿಯರನ್ನು ಉಸ್ತಾದ್ ಅನ್ನಿ, ಚಾಚಾ ಅಂದರೂ ಆಯಿತು. ಅವರ ಬೆಳಕಿಗೆ ಅಡ್ಡ ನಿಲ್ಲಬೇಡಿ.

ಲೋಹ ಸತು ಮತ್ತು ತಾಮ್ರದ ಮಿಶ್ರಣ. ಸತುವೇ ಜಾಸ್ತಿ, ತಾಮ್ರ ಅದರ ಹದಿನಾರನೇ ಒಂದು ಪಾಲಿನ ಆಸುಪಾಸು. ಕರಗಿಸಿ ಮಣ್ಣಿನ ಅಚ್ಚಿಗೆ ಎರೆಯುತ್ತಾರೆ. ಹೊರಗೆ ಬಂದಾಗ ಒರಟು ಬೂದುಬಣ್ಣ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಗೀಚಿದ ಗೆರೆ ಕಾಣಲಿ ಅಂತ. ಆ ಕಪ್ಪಿನ ಮೇಲೆ ಉಕ್ಕಿನ ಮೊನೆಯಿಂದ ಚಿತ್ರ ಬರೆಯುವುದು ಕೈಯಿಂದಲೇ, ಅಚ್ಚಿಟ್ಟಲ್ಲ. ಹೂದಾನಿಯ ಉಬ್ಬಿನ ಮೇಲೆ ಬಳ್ಳಿ ಸುತ್ತಿ ಬಂದು ತಾನು ಶುರುವಾದ ಜಾಗಕ್ಕೇ ಸರಿಯಾಗಿ ಸೇರುವುದನ್ನು ನೋಡಬೇಕು.

ಆಮೇಲೆ ಉಳಿಯ ಕೆಲಸ. ಗೆರೆಯ ಗುಂಟ ಸಣ್ಣ ಕಾಲುವೆ ಕೊರೆದು, ಅದರಲ್ಲಿ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಕೂರಿಸುತ್ತಾರೆ. ಎಲೆ, ಹೂವಿನ ಅಗಲ ಜಾಗಕ್ಕೆ ತಂತಿಯ ಬದಲು ಬೆಳ್ಳಿ ತಗಡು. ಅಂಟು ಹಾಕುವುದಿಲ್ಲ. ಬಡಿತಕ್ಕೆ ಬೆಳ್ಳಿ ಅಗಲವಾಗಿ ಕಾಲುವೆಯ ಅಂಚಿಗೆ ಕಚ್ಚಿಕೊಳ್ಳುತ್ತದೆ. ಮತ್ತೆ ಉಜ್ಜಿದರೆ ಎರಡೂ ಒಂದೇ ಬಣ್ಣ, ಬೆಳ್ಳಿ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ.

ಕೊನೆಯದು ಮಣ್ಣು. ಕೋಟೆಯ ಒಳಗೆ ಮಳೆ ಬಿಸಿಲು ಬೀಳದ ಜಾಗದ ಹಳೇ ಮಣ್ಣನ್ನು ತಂದು, ನವಸಾಗರ ಸೇರಿಸಿ ನೀರಿನಲ್ಲಿ ಕುದಿಸಿ, ವಸ್ತುವನ್ನು ಬಿಸಿ ಮಾಡಿ ಅದರಲ್ಲಿ ಅದ್ದಿ ಉಜ್ಜುತ್ತಾರೆ. ಸತುವಿನ ಭಾಗ ಅಚ್ಚ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಸಾಧ್ಯವಾದರೆ ಆ ಹೊತ್ತಿಗೆ ಅಲ್ಲೇ ಇರಿ. ಬೂದುಬಣ್ಣದ ಪಾತ್ರೆಯ ಮೇಲೆ ಒಮ್ಮೆಗೇ ಬಿಳಿ ಬಳ್ಳಿಗಳು ಎದ್ದು ಬರುವುದನ್ನು ನಿಮ್ಮ ಮಕ್ಕಳು ಮರೆಯುವುದಿಲ್ಲ. ಒಳ್ಳೆಯ ಮಣ್ಣು ಯಾವುದು ಅಂತ ಹಳೇ ಉಸ್ತಾದರು ನಾಲಿಗೆಗೆ ಇಟ್ಟು ರುಚಿ ನೋಡಿ ಹೇಳುತ್ತಾರೆ.

ಅಸಲಿ ಗುರುತಿಸುವುದು ಹೀಗೆ. ಮೊದಲು ಕೈಯಲ್ಲಿ ಎತ್ತಿ. ಬಿದ್ರಿ ತೂಕವಾಗಿರುತ್ತದೆ. ಅಲ್ಯೂಮಿನಿಯಂಗೆ ಕಪ್ಪು ಬಳಿದು ಮಾಡಿದ್ದು ಹಗುರ. ಆಮೇಲೆ ಬೆಳ್ಳಿ ಮತ್ತು ಕಪ್ಪು ಸೇರುವ ಗೆರೆಯ ಮೇಲೆ ಬೆರಳು ಸವರಿ. ಎರಡೂ ಒಂದೇ ಮಟ್ಟಕ್ಕೆ ಕೂತಿರಬೇಕು. ಬೆಳ್ಳಿ ಉಬ್ಬಿದ್ದರೆ ಅದು ಮೇಲೆ ಅಂಟಿಸಿದ್ದು ಅಥವಾ ಬಳಿದದ್ದು. ಕಪ್ಪು ಹೊಳೆಯುವ ಪೇಂಟಿನ ಹಾಗಿರುವುದಿಲ್ಲ, ಮಂದವಾಗಿ ಆಳವಾಗಿರುತ್ತದೆ. ಒಂದೇ ಹೂವು ನಾಲ್ಕು ಕಡೆ ಬಂದಿದ್ದರೆ ನಾಲ್ಕನ್ನೂ ಹೋಲಿಸಿ ನೋಡಿ. ಕೈಕೆಲಸದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಇಷ್ಟಾದ ಮೇಲೆ ಅಂಗಡಿಯವರನ್ನೇ ಕೇಳಿ: ಇದರಲ್ಲಿ ತಂತಿಯೋ ತಗಡೋ, ಕೆಲಸ ಎಷ್ಟು ದಿನದ್ದು? ಸ್ವತಃ ಮಾಡುವವರು ತಡವರಿಸದೆ ಉತ್ತರ ಕೊಡುತ್ತಾರೆ.

ಬೆಲೆ ಬೆಳ್ಳಿಯ ತೂಕ ಮತ್ತು ಕೆಲಸದ ಸಣ್ಣತನದ ಮೇಲೆ ನಿಲ್ಲುತ್ತದೆ. ಸಣ್ಣ ಪೆಟ್ಟಿಗೆಯಲ್ಲಿ ನವುರಾದ ಕೆಲಸವಿದ್ದರೆ ಅದು ದೊಡ್ಡ ಹೂದಾನಿಗಿಂತ ದುಬಾರಿಯಾಗಬಹುದು. ದುಡ್ಡು ಕಡಿಮೆ ಇದ್ದರೆ ದೊಡ್ಡದರಲ್ಲಿ ಒರಟು ಕೆಲಸ ತೆಗೆದುಕೊಳ್ಳುವ ಬದಲು ಸಣ್ಣದರಲ್ಲಿ ಒಳ್ಳೆಯದನ್ನು ತೆಗೆದುಕೊಳ್ಳಿ. ಚೌಕಾಸಿ ಸ್ವಲ್ಪ ಮಾಡಬಹುದು, ಆದರೆ ಅರ್ಧ ಬೆಲೆಗೆ ಕೇಳಬೇಡಿ. ಉಳಿ ಹಿಡಿದು ದಿನವಿಡೀ ಬಗ್ಗಿ ಕೂರುವ ಕೆಲಸ ಅದು. ಬಿದ್ರಿಗೆ 2006ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಕೆಲಸ ಎನ್ನುವ ಸರ್ಕಾರಿ ಗುರುತು, ಬಂತು. 2023ರಲ್ಲಿ ಇದೇ ಊರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಹೆಸರು ದೊಡ್ಡದಾದರೂ ಕೊನೆಗೆ ಈ ಕೋಣೆಗಳಲ್ಲಿ ಮುಂದಿನ ಪೀಳಿಗೆಯ ಹುಡುಗರು ಕೂರಬೇಕಾದರೆ ಕೂಲಿ ಗಿಟ್ಟಬೇಕು. ನೀವು ಕೊಡುವ ಬೆಲೆ ಅದಕ್ಕೆ ಹೋಗುತ್ತದೆ. ಮನೆಗೆ ಒಯ್ದ ಮೇಲೆ ಬೆಳ್ಳಿ ಪಾಲಿಶ್ ಹಾಕಬೇಡಿ, ಹುಣಸೆಹಣ್ಣಿನಲ್ಲಿ ತಿಕ್ಕಬೇಡಿ, ಕಪ್ಪು ಹೋಗುತ್ತದೆ. ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಅಷ್ಟು ಹೊತ್ತಿಗೆ ಸಂಜೆಯಾಗಿರುತ್ತದೆ. ಹೊರಗೆ ಬಂದರೆ ಚೌಬಾರಾ. 71 ಅಡಿ ಎತ್ತರದ ದುಂಡು ಗೋಪುರ, ನಾಲ್ಕು ದಿಕ್ಕಿನ ರಸ್ತೆಗಳು ಸೇರುವ ಜಾಗದಲ್ಲಿ. ಹಿಂದೆ ಊರಿನ ಮೇಲೆ, ಸುತ್ತಲಿನ ಬಯಲಿನ ಮೇಲೆ ಕಣ್ಣಿಡಲು ಕಟ್ಟಿದ್ದು. ಈಗ ಅದರ ಬುಡದಲ್ಲಿ ಆಟೋ, ಬೈಕು, ತಳ್ಳುಗಾಡಿ. ಇಲ್ಲಿಂದ ಬೆಳಗಿನ ರಸ್ತೆಯನ್ನೇ ಮತ್ತೆ ಹಿಡಿಯಿರಿ, ಮದರಸಾವರೆಗೆ ಹೋಗಿ ಬಂದರೂ ಸಾಕು. ಬೆಳಿಗ್ಗೆ ಬಾಗಿಲು ಹಾಕಿದ್ದ ಅಂಗಡಿಗಳೆಲ್ಲ ಈಗ ತೆರೆದಿರುತ್ತವೆ. ಕಿವಿ ತೆರೆದಿಟ್ಟುಕೊಳ್ಳಿ. ಒಂದೇ ಅಂಗಡಿಯ ಮುಂದೆ ಕನ್ನಡ, ದಖ್ಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಕೇಳುತ್ತವೆ. ಅಂಗಡಿಯಾತ ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾನೆ. ನೀವು ನಿಮ್ಮ ಶಿವಮೊಗ್ಗದ ಕನ್ನಡವನ್ನೇ ಆಡಿ, ಧಾರಾಳವಾಗಿ ನಡೆಯುತ್ತದೆ.

ಹಳೇ ಊರಿನ ಓಣಿಗಳಿಗೆ ಸಿದ್ದಿಕ್ ಶಾ ತಾಲೀಮ್, ನೂರ್ ಖಾನ್ ತಾಲೀಮ್ ಅಂತೆಲ್ಲ ಹೆಸರು. ತಾಲೀಮು ಅಂದರೆ ಗರಡಿ. ಒಂದೊಂದು ಕೇರಿಗೂ ಅದರದೇ ಗರಡಿ ಇದ್ದ ಕಾಲದ ಹೆಸರುಗಳು ಹಾಗೇ ಉಳಿದಿವೆ. ಇಂಥ ಓಣಿಗಳಲ್ಲಿ ಒಳಗೆ ಒಂದಿಷ್ಟು ನಡೆಯಿರಿ. ಆದರೆ ಇವು ಜನ ಬಾಳುವ ಮನೆಗಳು. ತೆರೆದ ಬಾಗಿಲಿನೊಳಗೆ ಕ್ಯಾಮೆರಾ ತೂರಿಸಬೇಡಿ. ಹೆಣ್ಣುಮಕ್ಕಳ ಫೋಟೊ ಕೇಳದೆ ತೆಗೆಯಬೇಡಿ. ಕಾಲು ಸೋತಾಗ ಒಂದು ಇರಾನಿ ಚಹಾ, ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಮಿರ್ಚಿ ಭಜಿ ಬಾಣಲೆಯಿಂದ ಇಳಿಯುತ್ತಿದ್ದರೆ ಅದನ್ನೂ ಬಿಡಬೇಡಿ. ಅಮ್ಮನವರಿಗೆ ನಡೆಯಲು ಆಗದಿದ್ದರೆ ಬಿದ್ರಿ ಅಂಗಡಿಯಲ್ಲೇ ಕೂತಿರಲಿ. ಕುರ್ಚಿ ಕೊಟ್ಟು, ಚಹಾ ತರಿಸಿ, ಯಾವ ಊರು ಏನು ಅಂತ ಮಾತಿಗೆ ಕೂರುತ್ತಾರೆ ಇಲ್ಲಿನವರು.

ಭಾನುವಾರ ಬೆಳಿಗ್ಗೆ ಬೇಗ ಎದ್ದರೆ ಆಟೋ ಹಿಡಿದು ಅಷ್ಟೂರಿಗೆ ಹೋಗಿ ಬನ್ನಿ. ಊರಿಂದ ಸ್ವಲ್ಪವೇ ದೂರ. ಬಹಮನಿ ಸುಲ್ತಾನರ ಗೋರಿಗಳು ಅಲ್ಲಿ ಸಾಲಾಗಿವೆ. ಎರಡನ್ನು ಮಾತ್ರ ಹತ್ತಿರದಿಂದ ನೋಡಿ. ಒಂದು ಅಹ್ಮದ್ ಶಾನದು. ಒಳಗಿನ ಬಣ್ಣದ ಚಿತ್ತಾರ ಇನ್ನೂ ಮಾಸಿಲ್ಲ. ಅವನನ್ನು ಮುಸ್ಲಿಮರು ವಲಿ (ಸಂತ) ಅಂತ, ಲಿಂಗಾಯತರು ಅಲ್ಲಮಪ್ರಭು ಅಂತ ನಂಬಿ ನಡೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಜಾತ್ರೆ ನಡೆಯುತ್ತದೆ, ಅದಕ್ಕೆ ಕಲಬುರಗಿ ಜಿಲ್ಲೆಯಿಂದ ಜಂಗಮರು ಬರುತ್ತಾರೆ. ಇನ್ನೊಂದು ಹುಮಾಯೂನ್ ಶಾನದು. ಸಿಡಿಲು ಬಡಿದು ಗುಮ್ಮಟ ಸೀಳಿಹೋಗಿ ಇಟ್ಟಿಗೆಯ ಒಳಪದರ ಕಾಣುತ್ತದೆ. ಮದರಸಾದ ಸೀಳು ನೋಡಿದ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ.

ನರಸಿಂಹ ಝರಣಿ ಈ ಸಲ ಬೇಡ. ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆಯಬೇಕು. ಮಂಡಿ ನೋವಿದ್ದವರನ್ನು ಹೊರಗೆ ಕೂರಿಸಿ ನೀವು ಒಳಗೆ ಹೋಗುವುದು ಸರಿಯಲ್ಲ. ಬಸವಕಲ್ಯಾಣಕ್ಕೆ ಬೇರೆಯೇ ಒಂದು ದಿನ ಬೇಕು.

ಹೊರಡುವ ಮೊದಲು ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ. ಗುರುನಾನಕರು ಇಲ್ಲಿಗೆ ಬಂದಾಗ ಸಿಹಿನೀರು ಹೊಮ್ಮಿತು ಎನ್ನುವ ನಂಬಿಕೆಯ ಬುಗ್ಗೆ ಅಲ್ಲಿದೆ. ಚಪ್ಪಲಿ ಹೊರಗೆ ಬಿಡಿ, ಗಂಡಸರು ಹೆಂಗಸರು ಎಲ್ಲರೂ ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು. ಲಂಗರಿನಲ್ಲಿ, ಅಂದರೆ ಗುರುದ್ವಾರದ ಊಟದ ಮನೆಯಲ್ಲಿ, ಯಾರು ಹೋದರೂ ಊಟ, ದುಡ್ಡು ಕೇಳುವುದಿಲ್ಲ. ಪಂಕ್ತಿಯಲ್ಲಿ ನೆಲದ ಮೇಲೆ ಕೂರಬೇಕಾಗುತ್ತದೆ. ಅಮ್ಮನವರ ಮಂಡಿಯ ವಿಷಯ ಸೇವೆಯಲ್ಲಿರುವವರಿಗೆ ಮೊದಲೇ ಹೇಳಿ. ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳುವುದು ಅಲ್ಲಿನ ಪದ್ಧತಿ. ಬಡಿಸಿದ್ದನ್ನು ಬಿಡಬೇಡಿ, ಬೇಕಾದಷ್ಟೇ ಹಾಕಿಸಿಕೊಳ್ಳಿ.